ಹದಿನೇಳಕ್ಕೆ ಭಾನುವಾರದ ಊಟ

ವರ್ತೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಅಜ್ಜಿಗೆ ನನ್ನ ಕೆಲಸ ಏನು ಅನ್ನೋದು ತಲೆಗೆ ಹೋಗೋಕೆ ಒಂದು ವರ್ಷ ಹಿಡೀತು. ಭಾನುವಾರ ಬೆಳಿಗ್ಗೆ ನಾನು ಬ್ಯಾಗು ಹೆಗಲಿಗೇರಿಸಿ ಗೇಟು ತೆಗೆದರೆ ಸಾಕು, "ಇವತ್ತೂ ಡ್ಯೂಟಿನಾ? ಅದೆಂತಾ ಕಂಪ್ನಿನಮ್ಮಾ, ಒಂದು ರಜಾನೂ ಕೊಡಾಕಿಲ್ವಾ?" ಅಂತ ಶುರು ಮಾಡೋರು. ಕಂಪನಿ ಅಲ್ಲ ಅಜ್ಜಿ, ಸಂಶೋಧನಾ ಸಂಸ್ಥೆ, ಪಿಎಚ್‌ಡಿ ಮಾಡ್ತಿದ್ದೀನಿ, ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನ ಬಾಟಲಿಯಲ್ಲಿ ಬೆಳೆಸ್ತೀವಿ, ಎರಡು ದಿನಕ್ಕೊಂದು ಸಲ ಊಟ ಬದಲಾಯಿಸಬೇಕು, ಇಲ್ಲಾಂದ್ರೆ ಸಾಯ್ತವೆ ಅಂತ ಹೇಳ್ತಾ ಹೋಗ್ತಿದ್ದೆ. ಒಂದು ದಿನ ಅವರೆಕಾಯಿ ಬಿಡಿಸ್ತಾ ಕೂತಿದ್ದ ಅಜ್ಜಿ ತಲೆ ಎತ್ತಿ, "ಓ, ಹಸಾ ಕಟ್ದಂಗೆ ಅನ್ನು" ಅಂದರು. ವರ್ತೂರು ಕೆರೆ ಚೆನ್ನಾಗಿದ್ದ ಕಾಲಕ್ಕೆ ಅವರ ಮನೇಲಿ ಆರು ಹಸು ಇದ್ದವಂತೆ. ತವರಿಗೆ ಹೋದರೂ ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರಬೇಕಿತ್ತಂತೆ. ನನ್ನ ಕೆಲಸವನ್ನ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ, ನಮ್ಮ ಗೈಡ್ ಮೇಡಂ ಸೇರಿಸಿ.

ನಮ್ಮ ಸಂಸ್ಥೆ ಇದ್ದದ್ದು ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗೋ ಗೋಡೌನುಗಳ ಸಾಲಿನ ಹಿಂದೆ. ವಾರದ ದಿನಗಳಲ್ಲಿ ಲ್ಯಾಬಿನಲ್ಲಿ ಹನ್ನೆರಡು ಜನ. ಒಬ್ಬ ಕೊಲ್ಕತ್ತಾದವನು, ಇಬ್ಬರು ಕೇರಳದವರು, ಮಿಕ್ಕವರು ಉತ್ತರದ ಯಾವ್ಯಾವ ಊರಿನವರೋ. ಊಟದ ಟೇಬಲ್ಲಿನಲ್ಲಿ ಹಿಂದಿ, ಮೀಟಿಂಗಿನಲ್ಲಿ ಇಂಗ್ಲಿಷು. ನಾನು ಚಿಂತಾಮಣಿ ಕಡೆಯವಳು, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ಆದರೂ ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಕನ್ನಡ ಆಡೋದು ಅಂದ್ರೆ ಸೆಕ್ಯೂರಿಟಿಯವರ ಹತ್ತಿರ "ಕೀ ಕೊಡಿ ಅಣ್ಣಾ" ಅನ್ನೋದು ಮಾತ್ರ. ಯಾರ ಜೊತೆಗೂ ಜಗಳ ಇರಲಿಲ್ಲ. ಎಲ್ಲರೂ ನಕ್ಕ ಮೇಲೆ ಸ್ವಲ್ಪ ತಡವಾಗಿ ನಗ್ತಿದ್ದೆ, ಅಷ್ಟೆ. ಅಮ್ಮ ಫೋನ್ ಮಾಡಿದರೆ ಎರಡೇ ಪ್ರಶ್ನೆ: ಓದು ಯಾವಾಗ ಮುಗಿಯುತ್ತೆ, ಗಂಡು ನೋಡೋಕೆ ಯಾವಾಗ ಹೂಂ ಅಂತೀಯ. ಮೊದಲನೆಯದಕ್ಕೆ ಉತ್ತರ ಗೊತ್ತಿರಲಿಲ್ಲ, ಎರಡನೆಯದಕ್ಕೆ ಮೈ ಉರಿಯೋದು. ನಾನು ಫೋನ್ ಎತ್ತೋದು ಕಡಿಮೆ ಮಾಡಿದೆ, ಅವರೂ ಮಾಡೋದು ಕಡಿಮೆ ಮಾಡಿದರು.

ನನ್ನ ಕೆಲಸ ಬಾಯಿ ಕ್ಯಾನ್ಸರ್ ಮೇಲೆ. ನಮ್ಮ ಜನ ತಂಬಾಕು ಅಗಿದು ತಂದುಕೊಳ್ಳೋ ಗಡ್ಡೆಯ ಜೀವಕೋಶವೇ ಬೇಕು, ಪರದೇಶದ್ದು ತರಿಸಿಕೊಂಡು ಕೂರೋದು ಬೇಡ ಅಂತ ಮೇಡಂ ಹಠ. ಆಸ್ಪತ್ರೆಯಲ್ಲಿ ಆಪರೇಷನ್ ಆದ ದಿನ ಬಟಾಣಿ ಕಾಳಿನಷ್ಟು ತುಣುಕನ್ನ ಐಸ್ ಡಬ್ಬಿಯಲ್ಲಿ ತಂದು, ಸಣ್ಣಗೆ ಹೆಚ್ಚಿ ಫ್ಲಾಸ್ಕಿಗೆ ಹಾಕಬೇಕು. ಫ್ಲಾಸ್ಕ್ ಅಂದ್ರೆ ಕಾಫಿ ಫ್ಲಾಸ್ಕ್ ಅಲ್ಲ ಮತ್ತೆ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ. ಅದರೊಳಗೆ ಗುಲಾಬಿ ಬಣ್ಣದ ದ್ರವ, ಅದೇ ಊಟ. ಜೀವಕೋಶ ತಿಂದ ಹಾಗೆಲ್ಲ ಅದು ಹಳದಿಗೆ ತಿರುಗುತ್ತೆ. ಫ್ಲಾಸ್ಕಿನ ಮೇಲೆ ರೋಗಿಯ ಹೆಸರು ಬರೆಯೋ ಹಾಗಿಲ್ಲ, ನಂಬರು ಮಾತ್ರ. ಒಂದರಿಂದ ಹದಿನಾರರವರೆಗೆ ಎಲ್ಲ ನನ್ನ ಕೈಯಲ್ಲೇ ಸತ್ತವು. ಕೆಲವಕ್ಕೆ ಬೂಷ್ಟು ಹಿಡೀತು, ಕೆಲವು ಕಾರಣವೇ ಇಲ್ಲದೆ ತಳ ಬಿಟ್ಟು ತೇಲಿದವು. ಕೊಲ್ಕತ್ತಾದವನು ನನ್ನನ್ನ ಸ್ಮಶಾನದ ಮ್ಯಾನೇಜರ್ ಅಂತ ಕರೀತಿದ್ದ.

ಹದಿನೇಳನೆಯವರು ಕೊಪ್ಪಳ ಕಡೆಯ ಹೆಂಗಸು. ತಂಗಿಯ ಜೊತೆ ದುಡಿಯೋಕೆ ಬಂದು ಬೆಳ್ಳಂದೂರಿನ ಹತ್ತಿರ ಒಂದೇ ರೂಮಿನಲ್ಲಿ ಇದ್ದವರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳೋಕೆ ನಾನು ಹೋದಾಗ ಕೆನ್ನೆ ಊದಿ ಮಾತು ಸರಿಯಾಗಿ ಬರ್ತಿರಲಿಲ್ಲ. ಪಕ್ಕದಲ್ಲಿ ಸಾಕ್ಷಿ ಹಾಕೋಕೆ ನಿಂತಿದ್ದ ತಂಗಿಯೇ ಅವರ ಬಾಯಿ. ತಂಗಿಗೆ ಟೆಕ್ ಪಾರ್ಕೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ, ನೀಲಿ ಯೂನಿಫಾರಂನಲ್ಲೇ ಬಂದಿದ್ದರು. ನಾನು ಪತ್ರದಲ್ಲಿದ್ದದ್ದನ್ನೆಲ್ಲ ಓದಿ ಹೇಳಿದ ಮೇಲೆ ರೋಗಿ ತಂಗಿಯ ಕೈ ಜಗ್ಗಿ ಏನೋ ಅಂದರು.

"ಕೊಯ್ದಿದ್ದನ್ನ ಚೆಲ್ಲತೀರೇನು ಅಂತ ಕೇಳಾಕತ್ತಾಳ್ರಿ" ಅಂದರು ತಂಗಿ.

"ಇಲ್ಲ ಅಕ್ಕ, ಚೆಲ್ಲಲ್ಲ. ಅದನ್ನ ಸಾಕ್ತೀವಿ" ಅಂದುಬಿಟ್ಟೆ. ಪತ್ರದಲ್ಲಿ ಆ ಮಾತಿರಲಿಲ್ಲ. ಬೆಳೆಸುವ ಪ್ರಯತ್ನ ಮಾಡಲಾಗುವುದು ಅಂತ ಇತ್ತು. ಆದರೆ ಆ ಹೆಂಗಸು ನಕ್ಕರು, ಅರ್ಧ ಬಾಯಲ್ಲಿ. ಹೆಬ್ಬೆಟ್ಟು ಒತ್ತಿದರು. ಮುಂದೆ ಹೋಲಿಸಿ ನೋಡೋಕೆ ಬೇಕು ಅಂತ ಒಂದು ಟ್ಯೂಬು ರಕ್ತವನ್ನೂ ತಗೊಂಡ್ವಿ. ಪತ್ರದ ಕೊನೆಯಲ್ಲಿ, ಸಂಶಯವಿದ್ದರೆ ಸಂಪರ್ಕಿಸಿ ಅಂತ ನನ್ನ ಫೋನ್ ನಂಬರು ಅಚ್ಚಾಗಿತ್ತು. ಅಷ್ಟು ವರ್ಷದಲ್ಲಿ ಆ ನಂಬರಿಗೆ ಒಬ್ಬರೂ ಫೋನ್ ಮಾಡಿರಲಿಲ್ಲ.

ಹದಿನೇಳು ಬದುಕಿತು. ಹತ್ತನೇ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತುಣುಕಿನ ಅಂಚಿನಿಂದ ಏಳೆಂಟು ಜೀವಕೋಶಗಳು ಹೊರಗೆ ಬಂದು ತಳಕ್ಕೆ ಅಂಟಿಕೊಂಡಿದ್ದವು. ಅಯ್ಯೋ ನನ್ನಪ್ಪಾ, ಆ ಖುಷಿ! ಯಾರಿಗೆ ಹೇಳಲಿ ಅಂತ ಸುತ್ತ ನೋಡಿದೆ. ಅವತ್ತೂ ಭಾನುವಾರ, ರೂಮಿನಲ್ಲಿ ನಾನೊಬ್ಬಳೇ. "ಬಂದ್ಯಾ? ಬಾ" ಅಂತ ಅದಕ್ಕೇ ಹೇಳಿದೆ. ಆವತ್ತಿನಿಂದ ಅದರ ಜೊತೆ ಮಾತಾಡೋ ಅಭ್ಯಾಸ ಆಯ್ತು. ಬಲು ನಿಧಾನದ ಪ್ರಾಣಿ ಅದು. ಬೇರೆಯವರ ಜೀವಕೋಶ ಮೂರು ದಿನಕ್ಕೆ ಫ್ಲಾಸ್ಕ್ ತುಂಬಿದರೆ ಇದಕ್ಕೆ ತಿಂಗಳು ಬೇಕು. ಮೊದಲ ಸಲ ತುಂಬಿದಾಗ ಮುಂಜಾಗ್ರತೆಗೆ ಅಂತ ಒಂದೇ ಒಂದು ಟ್ಯೂಬು ನೈಟ್ರೋಜನ್ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟೆ. ಮಿಕ್ಕಿದ್ದಕ್ಕೆ ಊಟ ಹಾಕ್ತಾ ಕಾಯ್ತಿದ್ದೆ.

ಆಪರೇಷನ್ ಆಗಿ ಆರು ತಿಂಗಳಿಗೆ ಆ ತಂಗಿಯ ಫೋನ್ ಬಂತು. ಅಕ್ಕ ತೀರಿಕೊಂಡರಂತೆ, ಊರಿಗೆ ಒಯ್ದು ಮಣ್ಣು ಮಾಡಿ ಬಂದದ್ದಾಯ್ತಂತೆ. ನಾನು ಹೂಂ ಹೂಂ ಅಂತಿದ್ದೆ. ಕೊನೆಗೆ ಅವರು ಕೇಳಿದರು, "ಮೇಡಂರ, ಆಕಿ ತುಣುಕು ಅಲ್ಲೇ ಐತೇನ್ರಿ?"

"ಇದೆ ಅಕ್ಕ."

"ಜೀವ ಐತೇನ್ರಿ?"

"ಇದೆ."

ಆಮೇಲೆ "ಮುಂದಿನ ಐತವಾರ ಫೋನ್ ಹಚ್ಚತೀನ್ರಿ" ಅಂತ ಇಟ್ಟರು. ಮುಂದಿನ ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಫೋನ್ ಬಂತು. ಅದರ ಮುಂದಿನದಕ್ಕೂ ಬಂತು. ಬಟ್ಟೆ ಒಗೆದು ಹರವಿ, ಟೆರೇಸಿನ ಮೇಲೆ ನಿಂತು ಮಾಡ್ತಿದ್ದರು. ಹಿಂದೆ ನೀರಿನ ಟ್ಯಾಂಕರ್ ಸದ್ದು ಕೇಳೋದು. "ಹೆಂಗದಾಳ್ರಿ ನಮ್ಮಕ್ಕ? ಉಂಡಾಳೇನ್ರಿ?" ಅನ್ನೋರು. "ಈಗ ತಾನೇ ಹಾಕ್ದೆ" ಅಂತಿದ್ದೆ. "ಮೈ ಹಿಡದಾಳೇನ್ರಿ?" "ಇಲ್ಲ ಅಕ್ಕ, ಅದೇ ನಿಧಾನ." "ಹಂಗಽ ಆಕಿ, ಒಂದ್ ರೊಟ್ಟಿ ತಿನ್ನಾಕ ಒಂದ್ ತಾಸು!" ಅಂತ ನಗೋರು. ರೋಗಿಯ ಮನೆಯವರ ಹತ್ತಿರ ಹೀಗೆಲ್ಲ ಮಾತಾಡೋ ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ಮೇಡಂಗೆ ಹೇಳಲೂ ಇಲ್ಲ. ಐದು ನಿಮಿಷದ ಮಾತು ಅದು. ಆ ಐದು ನಿಮಿಷಕ್ಕೆ ನಾನು ಶನಿವಾರದಿಂದಲೇ ಕಾಯ್ತಿದ್ದೆ, ನಾಚಿಕೆ ಏನು, ಹೇಳಿಬಿಡ್ತೀನಿ.

ಒಂದು ವರ್ಷ ಹೀಗೇ ನಡೀತು. ಎರಡನೇ ವರ್ಷ ದಸರೆ ಕಳೆದ ಮೇಲೆ ಹದಿನೇಳು ಇದ್ದಕ್ಕಿದ್ದ ಹಾಗೆ ಚುರುಕಾಯ್ತು. ತಿಂಗಳು ಹಿಡೀತಿದ್ದದ್ದು ವಾರಕ್ಕೆ ಬಂತು, ಆಮೇಲೆ ಮೂರೇ ದಿನಕ್ಕೆ ಫ್ಲಾಸ್ಕ್ ಭರ್ತಿ. ಹಾಕಿದ ಊಟ ಮಾರನೇ ದಿನಕ್ಕೇ ಹಳದಿ. ಕೆಲವು ಜೀವಕೋಶಗಳು ಹೊಸ ವಾಸಕ್ಕೆ ಒಗ್ಗಿಕೊಂಡು ಹೀಗೆ ಏಳೋದುಂಟು ಅಂತ ಪುಸ್ತಕದಲ್ಲಿ ಓದಿದ್ದೆ. ಮೇಡಂ ಬೆನ್ನು ತಟ್ಟಿದರು. ನಾನು ಅರ್ಧ ಕೆಜಿ ಮೈಸೂರ್ ಪಾಕ್ ತಂದು ಲ್ಯಾಬಿಗೆಲ್ಲ ಹಂಚಿದೆ. ಆ ಭಾನುವಾರ ಫೋನ್ ಬಂದ ಕೂಡಲೇ, ಅವರು ಕೇಳೋಕೂ ಬಿಡದೆ, "ಅಕ್ಕಾ, ನಿಮ್ಮಕ್ಕ ಎದ್ದುಬಿಟ್ಟಿದ್ದಾರೆ! ಜೋರಾಗಿ ಬೆಳೀತಿದ್ದಾರೆ!" ಅಂದೆ. ಅವರು ಅತ್ತರು. ಇನ್ನೊಂದು ಸಲ ಹೇಳ್ರಿ ಅಂದರು, ಹೇಳಿದೆ.

ಅಲ್ಲಿಂದ ಮುಂದೆ ನನ್ನ ಪ್ರಬಂಧವೇ ಆ ಫ್ಲಾಸ್ಕುಗಳ ಮೇಲೆ ನಿಂತಿತು. ಯಾವ ಔಷಧಿಗೆ ಸಾಯ್ತವೆ, ಯಾವುದಕ್ಕೆ ಸಾಯಲ್ಲ, ಎಷ್ಟು ಹಾಕಿದರೆ ಏನು, ಎಲ್ಲ ಹದಿನೇಳರ ಮೇಲೆ. ಎರಡು ವರ್ಷದ ಕೆಲಸ. ಲೇಖನ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದಾಗ ಅವರು ಒಂದು ಪುರಾವೆ ಕೇಳಿದರು. ಈ ಜೀವಕೋಶ ಆ ರೋಗಿಯದೇ ಅಂತ ಡಿಎನ್ಎ ಹೋಲಿಸಿ ತೋರಿಸಿ ಅಂತ. ಕೇಳೋದು ವಾಡಿಕೆ. ನಾನೇ ಎಂದೋ ಮಾಡಿಸಬೇಕಿತ್ತು. ಮಾಡೋಣ ಮಾಡೋಣ ಅಂತ ಮುಂದೂಡಿದ್ದೆ. ಇಟ್ಟಿದ್ದ ರಕ್ತವನ್ನೂ ಒಂದು ಟ್ಯೂಬು ಜೀವಕೋಶವನ್ನೂ ಪರೀಕ್ಷೆಗೆ ಕಳಿಸಿದೆ.

ವರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕಾರಿಡಾರಿನಲ್ಲಿ ನಿಂತು ಮೊಬೈಲಿನಲ್ಲಿ ತೆರೆದೆ. ರಕ್ತಕ್ಕೂ ಜೀವಕೋಶಕ್ಕೂ ಹೊಂದಿಕೆ ಇಲ್ಲ. ನಾನು ಸಾಕ್ತಿದ್ದದ್ದು ಬೇರೆ ದೇಶದ ಯಾವುದೋ ರೋಗಿಯಿಂದ ದಶಕಗಳ ಹಿಂದೆ ತೆಗೆದ, ಊರೂರಿನ ಲ್ಯಾಬುಗಳಲ್ಲಿ ಬೆಳೆಯೋ ಹಳೇ ಜೀವಕೋಶ. ಕಳೆಯ ಹಾಗೆ ಬೆಳೆಯೋ ಜಾತಿ ಅದು. ಒಂದೇ ಒಂದು ಕೋಶ ಬೇರೆ ಫ್ಲಾಸ್ಕಿಗೆ ಬಿದ್ದರೂ ಸಾಕು, ಕೆಲವೇ ವಾರದಲ್ಲಿ ಮೂಲದ್ದನ್ನ ಮೂಲೆಗೆ ಒತ್ತಿ ತಾನೇ ತುಂಬಿಕೊಳ್ಳುತ್ತೆ. ಅದು ನಮ್ಮ ಲ್ಯಾಬಿನಲ್ಲೂ ಇತ್ತು, ಕೊಲ್ಕತ್ತಾದವನ ಹತ್ತಿರ.

ನೋಟ್‌ಬುಕ್ ತೆಗೆದು ಹಿಂದಕ್ಕೆ ಹೋದೆ. ಚುರುಕಾಗೋಕೆ ಮೂರು ವಾರ ಮುಂಚಿನ ಭಾನುವಾರದ ಪುಟ ಸಿಕ್ಕಿತು. ಅವನು ದುರ್ಗಾ ಪೂಜೆಗೆ ಊರಿಗೆ ಹೋಗಿದ್ದ, ಅವನ ಫ್ಲಾಸ್ಕಿಗೂ ಊಟ ಹಾಕೋದು ನನ್ನ ಪಾಲಿಗೆ ಬಿದ್ದಿತ್ತು. ಒಂದು ಹೊತ್ತಿಗೆ ಒಬ್ಬರದೇ ಹೊರಗೆ ತೆಗೀಬೇಕು, ಒಬ್ಬರ ಊಟದ ಬಾಟಲಿ ಇನ್ನೊಬ್ಬರಿಗೆ ಮುಟ್ಟಿಸಬಾರದು. ನಮ್ಮಲ್ಲಿ ಮೊದಲ ವಾರವೇ ಕಲಿಸೋ ಮಡಿ ಇದು. ನನ್ನ ಕೈಬರಹದಲ್ಲೇ ಇತ್ತು: ನನ್ನ ಊಟದ ಬಾಟಲಿ ಖಾಲಿ, ಅವನದನ್ನೇ ಎರಡಕ್ಕೂ ಬಳಸಿದೆ. ಅಷ್ಟೇ ಬರೆದಿದ್ದೆ. ಬರೆಯದೆ ಇದ್ದದ್ದೊಂದಿದೆ, ಅದು ನನಗೆ ನೆನಪಿದೆ. ಆ ಕೆಲಸದ ನಡುವೆ ಹನ್ನೊಂದಕ್ಕೆ ಫೋನ್ ಬಂದಿತ್ತು. ಕೈಯಲ್ಲಿ ಗ್ಲೌಸು. ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿ, ಮಾತಾಡ್ತಾ ಮಾತಾಡ್ತಾ ಊಟ ಹಾಕಿದೆ. ಮಾತಿನ ಭರದಲ್ಲಿ ಊಟ ಎಳೆಯೋ ಯಾವ ಪಿಪೆಟ್ಟು ಎಲ್ಲಿಗೆ ಅದ್ದಿದೆನೋ, ದೇವರಾಣೆಗೂ ನೆನಪಿಲ್ಲ.

ಮೇಡಂ ವರದಿ ಓದಿ ಕನ್ನಡಕ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು. ಲೇಖನ ವಾಪಸ್ ತಗೋಬೇಕು, ಎರಡು ವರ್ಷದ ಅಂಕಿಅಂಶ ಒಂದೂ ಬಳಸೋ ಹಾಗಿಲ್ಲ ಅಂದರು. "ಮೊದಲು ಹೆಪ್ಪುಗಟ್ಟಿಸಿದ ಟ್ಯೂಬು ಇದೆಯಲ್ಲ, ಅದನ್ನ ಎಬ್ಬಿಸಿ ನೋಡು" ಅಂತ ಇಂಗ್ಲಿಷಿನಲ್ಲಿ ಹೇಳಿ ಕಿಟಕಿ ಕಡೆ ತಿರುಗಿದರು. ಎಬ್ಬಿಸಿದೆ. ಇದೊಂದಕ್ಕಾದರೂ ಹೊಸ ಬಾಟಲಿ, ಹೊಸ ಗ್ಲೌಸು, ಫೋನು ಹೊರಗೆ. ಹತ್ತು ದಿನ ಬೆಳಿಗ್ಗೆ ಸಂಜೆ ನೋಡಿದೆ. ಒಂದೂ ತಳಕ್ಕೆ ಅಂಟಲಿಲ್ಲ. ಬಿಳೀ ಚುಕ್ಕಿಗಳು ತೇಲ್ತಾ ಇದ್ದವು, ಗುಲಾಬಿ ಬಣ್ಣ ಗುಲಾಬಿಯಾಗೇ ಉಳೀತು.

ಪ್ರಬಂಧ ಹೋದದ್ದಕ್ಕೆ ಅತ್ತೆ, ಸುಳ್ಳಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆದರೆ ಶನಿವಾರ ಬಂದ ಹಾಗೆ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ನಾಳೆ ಹನ್ನೊಂದಕ್ಕೆ ಏನು ಹೇಳಲಿ? ಕೊಲ್ಕತ್ತಾದವನಿಗೆ ಹೇಳಿಕೊಂಡೆ. ಪಾಪ, ಅವನಿಗೂ ಬೇಜಾರಾಗಿತ್ತು. "ಹೇಳಬೇಡ ಕಣೆ, ಅವರಿಗೆ ಗೊತ್ತಾಗೋದಾದರೂ ಹೇಗೆ? ನೆಮ್ಮದಿಯಾಗಿರ್ತಾರೆ" ಅಂದ ಹಿಂದಿಯಲ್ಲಿ. ಅವನು ಅವರ ನೆಮ್ಮದಿ ಯೋಚಿಸ್ತಿದ್ದ. ನಾನು ಯೋಚಿಸ್ತಿದ್ದದ್ದು ನನ್ನ ಭಾನುವಾರ. ಹೇಳಿದರೆ ಆ ಫೋನು ನಿಲ್ಲುತ್ತೆ. ಅದು ನಿಂತರೆ ಈ ಊರಲ್ಲಿ ನನಗೆ ಅಂತ ಬರೋ ಫೋನು ಇನ್ನೊಂದಿಲ್ಲ. ಮೂರು ಭಾನುವಾರ "ಚೆನ್ನಾಗಿದ್ದಾರೆ ಅಕ್ಕ, ಈಗ ತಾನೇ ಊಟ ಹಾಕ್ದೆ" ಅಂದೆ.

ನಾಲ್ಕನೇ ವಾರ ಅವರೇ ಅಂದರು, "ಆಕಿ ತೀರಿಕೊಂಡ ದಿನ ಬರಾಕತ್ತೈತ್ರಿ. ಒಮ್ಮೆ ಬಂದು ಕಣ್ಣಿಲೆ ನೋಡ್ಲೇನ್ರಿ?" ಎಂದಾದರೂ ಒಂದು ದಿನ ತೋರಿಸ್ತೀನಿ ಅಂತ ನಾನೇ ಮಾತು ಕೊಟ್ಟಿದ್ದೆ. ಬೇಡ ಅನ್ನೋಕೆ ಕಾರಣ ಸಿಗಲಿಲ್ಲ.

ಬಂದರು. ಬೆಳ್ಳಂದೂರಿನಿಂದ ಎರಡು ಬಸ್ಸು ಬದಲಾಯಿಸಿ, ಹೊಸ ಸೀರೆ ಉಟ್ಟು, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಗೊಂಡು. ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿಸಿ ಕರಕೊಂಡು ಬಂದೆ. ಕಾರಿಡಾರಿನ ಉದ್ದಕ್ಕೂ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದರು. ನಾನು ಎರಡು ಫ್ಲಾಸ್ಕ್ ತೆಗೆದಿಟ್ಟಿದ್ದೆ. ಒಂದರಲ್ಲಿ ತೇಲೋ ಬಿಳೀ ಚುಕ್ಕಿ, ಇನ್ನೊಂದರಲ್ಲಿ ತುಂಬಿ ತುಳುಕೋ ಆ ಪರದೇಶಿ. ಬೆಳಿಗ್ಗೆಯಿಂದ ಯೋಚಿಸಿ ಯೋಚಿಸಿ ತುಂಬಿದ್ದನ್ನೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿದ್ದೆ. ಹೇಡಿ ನಾನು.

ಅವರು ಬಗ್ಗಿ ಕಣ್ಣಿಟ್ಟರು. ಮೊದಲು ಏನೂ ಕಾಣಲಿಲ್ಲ, ಫೋಕಸ್ ತಿರುಗಿಸಿ ಕೊಟ್ಟೆ. "ಅಬಾಬಾಬಾ" ಅಂದರು. "ಎಷ್ಟ್ ಮಂದಿ ಆಗ್ಯಾಳ್ರಿ!" ಆಮೇಲೆ ಸೆರಗು ತಲೆ ಮೇಲೆ ಎಳಕೊಂಡು, ಕಣ್ಣು ತೆಗೆಯದೆ, ಮೆಲ್ಲಗೆ ಮಾತಾಡೋಕೆ ಶುರು ಮಾಡಿದರು. "ಅಕ್ಕಾ, ನಾ ಬಂದೀನಿ ನೋಡು. ನಿನ್ನ ಮಗಂದು ಲಗ್ನ ಗೊತ್ತಾಗೇತಿ..."

ಅದನ್ನ ನಿಂತು ಕೇಳೋಕೆ ನನ್ನ ಕೈಲಿ ಆಗಲಿಲ್ಲ. "ಅಕ್ಕ, ಅವರಲ್ಲ ಅದು" ಅಂದೆ.

ತಲೆ ಎತ್ತಿ ನೋಡಿದರು. ಎಲ್ಲ ಹೇಳಿದೆ. ಇನ್ನೊಬ್ಬರ ಊಟದ ಬಾಟಲಿ ಬಳಸಿದ್ದು, ನನ್ನ ಅಜಾಗರೂಕತೆ, ರಕ್ತದ ಪರೀಕ್ಷೆ, ಮೂರು ವಾರದ ಸುಳ್ಳು, ಎಲ್ಲ. ಆ ದಿನ ಫೋನಿನಲ್ಲಿ ಮಾತಾಡ್ತಿದ್ದೆ ಅನ್ನೋದೊಂದು ಬಿಟ್ಟು. ಅದನ್ನ ಇವತ್ತಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅವರು ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು.

"ಹಂಗಾರ ಇವ್ರು ಯಾರ್ರಿ?"

"ಬೇರೆ ದೇಶದವರು ಯಾರೋ. ಹೆಸರು ಗೊತ್ತಿಲ್ಲ. ತೀರಿಕೊಂಡು ಎಷ್ಟೋ ವರ್ಷ ಆಗಿದೆ."

"ಇಲ್ಲಿ ಅದಾರ ಅಂತ ಅವ್ರ ಮನಿ ಮಂದಿಗೆ ಗೊತ್ತೈತೇನ್ರಿ?"

ಅವರು ಡಬ್ಬಿಯ ಮುಚ್ಚಳವನ್ನ ಒಂದು ಸಲ ತೆಗೆದು ಮತ್ತೆ ಹಾಕಿದರು.

"ನೀವು ಅಂದಿದ್ರೆಲ್ರಿ, ಎದ್ದಾಳ, ಜೋರ್ ಬೆಳ್ಯಾಕತ್ತಾಳ ಅಂತ. ಅವಾಗೇನ್ರಿ ಆಕಿ ಹೋಗಿದ್ದು?"

"ಹೂಂ. ಅವಾಗಲೇ."

"ನಾ ಅವತ್ತ ಓಣಿಗೆಲ್ಲ ಸಕ್ರಿ ಹಂಚಿದ್ನೆಲ್ರಿ" ಅಂದರು. ನಾನೂ ಮೈಸೂರ್ ಪಾಕ್ ಹಂಚಿದ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಬೈಯಲಿಲ್ಲ ಅವರು. ಎದ್ದು, ಡಬ್ಬಿಯನ್ನ ಮೇಜಿನ ಮೇಲಿಟ್ಟು, "ತಂದಿದ್ದು ತಂದೀನಿ, ತಿನ್ರಿ" ಅಂತ ಹೇಳಿ ಹೊರಟರು. ಗೇಟಿನವರೆಗೂ ಜೊತೆಗೆ ಹೋದೆ. ಬಸ್ಸು ಬಂತು, ಹತ್ತಿದರು.

ವಾಪಸ್ ಬಂದು ಎರಡು ಫ್ಲಾಸ್ಕಿಗೂ ಬ್ಲೀಚ್ ಸುರಿದೆ. ಗುಲಾಬಿ ಬಣ್ಣ ನೋಡ್ತಾ ನೋಡ್ತಾ ಬಿಳಿಚಿ ನೀರಿನ ಹಾಗಾಯ್ತು. ಆಮೇಲೆ ಸಿಂಕಿಗೆ ಚೆಲ್ಲಿ ನಲ್ಲಿ ಬಿಟ್ಟೆ. ಚೆಲ್ಲಲ್ಲ ಅಂತ ಮಾತು ಕೊಟ್ಟವಳು ನಾನೇ.

ಮೇಡಂ ಹೊಸ ವಿಷಯ ಕೊಟ್ಟರು. ಇನ್ನೂ ಎರಡು ವರ್ಷ ಅಂದರು. ಭಾನುವಾರ ಈಗ ಹದಿನೆಂಟಕ್ಕೆ ಊಟ ಹಾಕ್ತೀನಿ. ಹನ್ನೊಂದು ಹೊಡೆದಾಗ ಕೈ ತಾನೇ ನಿಲ್ಲೋದು. ಮೊದಲ ವಾರ ಫೋನ್ ಬರಲಿಲ್ಲ, ಎರಡನೇ ವಾರವೂ ಇಲ್ಲ. ಓನರ್ ಅಜ್ಜಿ "ಯಾಕಮ್ಮ ಮುಖ ಇಂಗೆ ಸಣ್ಣಗೈತೆ?" ಅಂದರು, ಒಂದು ಹಸು ಸತ್ತೋಯ್ತು ಅಜ್ಜಿ ಅಂದೆ. ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟರು. ತೊಳೆದ ಸ್ಟೀಲ್ ಡಬ್ಬಿ ನನ್ನ ರೂಮಿನ ಕಿಟಕಿಯಲ್ಲಿ ಇತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿಟ್ಟಿದ್ದೆ. ಏಳನೇ ಭಾನುವಾರ ಅದನ್ನೇ ನೆಪ ಮಾಡಿಕೊಂಡು, ಹದಿನೆಂಟರ ಕೆಲಸ ಪೂರ್ತಿ ಮುಗಿಸಿ, ಗ್ಲೌಸು ಬಿಚ್ಚಿ, ಕಾರಿಡಾರಿಗೆ ಬಂದು ನಾನೇ ಫೋನ್ ಮಾಡಿದೆ.

"ಅಕ್ಕ, ನಿಮ್ಮ ಡಬ್ಬಿ ನನ್ನ ಹತ್ತಿರನೇ ಇದೆ."

"ಇರ್ಲಿ ಬಿಡ್ರಿ."

ಹಿಂದೆ ಟ್ಯಾಂಕರ್ ಸದ್ದು. ಇನ್ನೇನು ಇಡ್ತಾರೆ ಅಂದುಕೊಂಡೆ.

"ನಾನೂ ಪ್ರತಿ ಐತವಾರ ಹಚ್ಚಬೇಕಂತ ಫೋನ್ ತಗೋತೀನ್ರಿ" ಅಂದರು. "ಏನಂತ ಕೇಳ್ಬೇಕು ತಿಳ್ಯಂಗಿಲ್ಲ. ಇಟ್ಟುಬಿಡ್ತೀನಿ."

"ಊಟ ಆಯ್ತಾ ಅಂತ ಕೇಳಿ ಅಕ್ಕ" ಅಂದೆ. "ನನ್ನನ್ನ."

"ಊಟ ಆತೇನವಾ?"

"ಇನ್ನೂ ಇಲ್ಲ ಅಕ್ಕ" ಅಂದೆ.